ಕಲ್ಲುಮನೆಯ ಹೊಗೆಗೂಡು

ನನ್ನ ಅಣ್ಣ ಹೋಸಿಯಾ ಕ್ರಚರ್ ತನ್ನ ಮನೆ ಕಟ್ಟಲು ಹದಿನಾಲ್ಕು ವರ್ಷ ತೆಗೆದುಕೊಂಡ. ಅದನ್ನು ಬಿಟ್ಟುಕೊಡಲು ಅವನಿಗೆ ಒಂದು ಭಾನುವಾರದ ಊಟದ ಹೊತ್ತು ಸಾಕಾಯಿತು. ಇಂಥ ಮಹಾನುಭಾವನ ತಂಗಿ ನಾನು, ಆರ್ಮಿಂಟಾ. ಊರಲ್ಲಿ ಎಲ್ಲರೂ ಮಿಂಟಿ ಎನ್ನುತ್ತಾರೆ. ಬೆನ್ನ ಹಿಂದೆ ಬೇರೇನೋ ಅನ್ನುತ್ತಾರಂತೆ, ಅನ್ನಲಿ.

ನಮ್ಮ ಸೋರೆಲ್ ಗ್ಯಾಪ್ ಟೆನೆಸ್ಸಿಯ ಗುಡ್ಡದೂರು. ಇಲ್ಲಿ ಗೆಣಸು ನೆಟ್ಟರೆ ಕಲ್ಲು ಬರುತ್ತದೆ. ನಮ್ಮಪ್ಪ ಕಲ್ಲುಕೆಲಸದ ಮೇಸ್ತ್ರಿ. ಅಜ್ಜ ಗುಲಾಮನಾಗಿದ್ದಾಗಲೂ ಅದೇ ಕೆಲಸ. ಸುತ್ತಲ ಬಿಳಿಯರು ಯಾವ ಬೆಂಕಿಯ ಮುಂದೆ ಕಾಲು ಚಾಚಿ ಕೂತರೂ ಅದರ ಹೊಗೆಗೂಡು ನಮ್ಮವರ ಕೈಯದು. ನಾವು ಮಾತ್ರ ಹಲಗೆಮನೆಯ ಬಿರುಕುಗಳಿಗೆ ಹಳೆಯ ಪತ್ರಿಕೆ ಅಂಟಿಸಿ, ಗೋಡೆಯ ಮೇಲಿನ ಸುದ್ದಿಯನ್ನೇ ಓದಿಕೊಂಡು ಚಳಿಗಾಲ ಕಳೆಯುತ್ತಿದ್ದೆವು.

ಅಣ್ಣನಿಗೆ ಒಂದು ಹುಚ್ಚಿತ್ತು. ಹೊಸ ಹೊಗೆಗೂಡು ಕಟ್ಟಿ ಮುಗಿಸಿದ ದಿನ ಒಗೆದ ಬಿಳಿ ಅಂಗಿ ತೊಟ್ಟು ಮೊದಲ ಬೆಂಕಿಯ ಮುಂದೆ ಒಂದು ಗಂಟೆ ಕೂರುತ್ತಿದ್ದ. ಆಮೇಲೆ ಅಂಗಿ ಬಿಚ್ಚಿ ಮೂಸುತ್ತಿದ್ದ. ಹೊಗೆಯ ವಾಸನೆ ಬಂದರೆ ಗೂಡನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಹಾಗೆ ಬಿಚ್ಚಿದ್ದು ಒಂದೇ ಸಲ, ಅದೂ ಇಪ್ಪತ್ತರ ವಯಸ್ಸಿನಲ್ಲಿ. ನಾನು ಅಡುಗೆಗಿದ್ದ ಡಾಕ್ಟರ್ ಹ್ಯಾಸ್ಕೆಲ್ ಅವರ ಮನೆಯಲ್ಲಿ ಅತಿಥಿಗಳು ಬಂದರೆ ಡಾಕ್ಟರು ಬೆಂಕಿಯ ಕಡೆ ಕೈ ತೋರಿಸಿ, "ಇದು ಕ್ರಚರ್ ಕಟ್ಟಿದ್ದು, ಮನೆಯೊಳಗೆ ಹೊಗೆ ಕಾರೋದಿಲ್ಲ" ಎಂದು ಹೇಳಿಯೇ ಹೇಳುವರು. ಅದೇ ಕ್ರಚರ್ ಬಂದರೆ ಹಿಂದಿನ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುವರು.

ತನ್ನ ಮನೆಗೆ ಅಣ್ಣ ಆರಿಸಿದ್ದು ಬಿಳಿಯರು ಬೇಡವೆಂದ ಕಲ್ಲುಗಳನ್ನು. ಒಬ್ಬರಿಗೆ ತುಕ್ಕುಬಣ್ಣದ ಕಲ್ಲು ಆಗದು, ಇನ್ನೊಬ್ಬರಿಗೆ ಚುಕ್ಕೆ ಇದ್ದದ್ದು ಆಗದು. ಸಂಜೆ ಕೆಲಸ ಬಿಟ್ಟ ಮೇಲೆ ಅವನ್ನೆಲ್ಲ ಹೇಸರಗತ್ತೆಯ ಗಾಡಿಯಲ್ಲಿ ತಂದು, ಒಂದೊಂದನ್ನೇ ಮಗ್ಗುಲಾಗಿಸಿ ನೋಡಿ, ಸುತ್ತಿಗೆಯಲ್ಲಿ ಎರಡೇಟು ಕೊಟ್ಟು, ನಾಳೆ ನೋಡೋಣ ಎಂದು ಇಟ್ಟುಬಿಡುತ್ತಿದ್ದ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಪಾಯ ತೆಗೆದದ್ದು, ಮಹಾಯುದ್ಧ ಶುರುವಾಗಿ ಮುಗಿದರೂ ಇವನ ಮನೆ ಮುಗಿಯಲಿಲ್ಲ. ಹೋಸಿಯಾ ಎರಡು ತಿಂಗಳು ಎಂದರೆ ಎರಡು ವರ್ಷ ಅಂತ ಊರೇ ನಗುತ್ತಿತ್ತು. ನಾನೂ ನಕ್ಕೆ. ಅತ್ತಿಗೆ ಲೂಡಿ ಮಾತ್ರ ನಗಲಿಲ್ಲ. ಆಕೆಗೆ ಮಕ್ಕಳಿರಲಿಲ್ಲ, ಒಡವೆಯ ಆಸೆಯಿರಲಿಲ್ಲ. ಗಾಳಿ ನುಗ್ಗದ ನಾಲ್ಕು ಗೋಡೆಗಳ ಒಳಗೆ, ತನ್ನ ಗಂಡ ಕಟ್ಟಿದ ಬೆಂಕಿಗೂಡಿನ ಮುಂದೆ ಕೂರಬೇಕು ಎಂಬುದೊಂದೇ ಆಸೆ. ಅದಕ್ಕಾಗಿ ಹದಿನಾಲ್ಕು ವರ್ಷ ಆ ಮನುಷ್ಯನಿಗೆ ಗಾರೆ ಕಲಸಿಕೊಟ್ಟಳು.

ಮನೆ ಮುಗಿದದ್ದು ನಲವತ್ತಾರರ ಅಕ್ಟೋಬರಿನಲ್ಲಿ. ಅದೇ ವಾರ ನಮ್ಮ ಮೌಂಟ್ ನೀಬೋ ಚರ್ಚಿಗೆ ಹೊಸ ಪಾದ್ರಿ ಬಂದ, ರೆವರೆಂಡ್ ಥಡಿಯಸ್ ಬಾಸ್ಕಮ್. ಎತ್ತರದ ಆಳು, ಹೊಳೆಯುವ ಬೂಟು, ಗಂಟಲು ಮಾತ್ರ ಚರ್ಚಿನ ಗಂಟೆಗಿಂತ ದೊಡ್ಡದು. ಹೆಂಡತಿ ನ್ಯಾಶ್‌ವಿಲ್‌ನಲ್ಲೇ ಉಳಿದಿದ್ದಳು, ಬುದ್ಧಿವಂತೆ. ಪಾದ್ರಿ ಬಂದರೆ ಊರಿನ ಅತಿ ಒಳ್ಳೆಯ ಮನೆಯಲ್ಲಿ ಇಳಿಸಬೇಕು, ಕೋಳಿಯ ಎದೆಯ ತುಂಡು ಅವನ ತಟ್ಟೆಗೆ ಹೋಗಬೇಕು, ಮನೆಯವರು ಕುತ್ತಿಗೆ ಚೀಪಬೇಕು. ಇದು ನಮ್ಮವರು ತಲೆತಲಾಂತರದಿಂದ ಸಾಕಿಕೊಂಡು ಬಂದ ರೋಗ. ಊರಲ್ಲಿ ಇಟ್ಟಿಗೆಮನೆ ಇದ್ದದ್ದು ಸಭೆಯ ಹಿರಿಯ ಪರ್ನೆಲ್‌ಗೆ. ಅವನು ಶವಪೆಟ್ಟಿಗೆಗಳ ವ್ಯಾಪಾರಿ, ಜಿಪುಣಾಗ್ರೇಸರ.

ಆ ಭಾನುವಾರ ಲೂಡಿ ಹೊಸ ಮನೆಯಲ್ಲಿ ಮೊದಲ ಊಟ ಹಾಕಿಸಿದಳು. ಆಮಂತ್ರಿತರು ಪಾದ್ರಿ, ಪರ್ನೆಲ್, ನಾನು. ಗಂಡಹೆಂಡತಿ ಆ ಮನೆಯಲ್ಲಿ ಇನ್ನೂ ಮಲಗಿರಲಿಲ್ಲ. ಮಂಚ ಸಾಗಿಸುವುದು ಸೋಮವಾರ ಎಂದಿತ್ತು.

"ಸಿಸ್ಟರ್ ಲೂಡಿ," ಎಂದ ಬಾಸ್ಕಮ್ ಮೂರನೆಯ ತುಂಡಿಗೆ ಕೈ ಹಾಕುತ್ತಾ, "ಈ ಕೋಳಿ ತಿಂದ್ಮೇಲೆ ಸ್ವರ್ಗಕ್ಕೆ ಹೋಗೋ ಅವಸರವೇ ಇಲ್ಲ ಅನ್ನಿಸ್ತಿದೆ ನೋಡಿ. ಈ ಗೋಡೆಗಳೋ! ಸೊಲೊಮೋನನ ಅರಮನೆ!"

ಪರ್ನೆಲ್ ಬಾಯಿ ಒರೆಸಿಕೊಂಡ. "ಪಾದ್ರಿಗಳ್ನ ನಮ್ಮನೇಲೇ ಇಟ್ಕೊಳ್ಳೋಣ ಅಂತಿದ್ದೆ. ಆದ್ರೆ ಕೆಳಗಡೆ ಯಾವಾಗ್ಲೂ ಒಂದೆರಡು ಹೆಣ ಇರ್ತವೆ. ದೇವರ ಮನುಷ್ಯರಿಗೆ ಅದು ಸರಿ ಹೋಗುತ್ತಾ?"

ಲೂಡಿಯ ಮುಖ ಅರಳಿದ್ದನ್ನು ಕಂಡೇ ನನಗೆ ಗೊತ್ತಾಯಿತು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ತುಳಿದದ್ದು ಪರ್ನೆಲ್‌ನ ಕಾಲಾಗಿತ್ತು.

"ಪಾದ್ರಿಮನೆ ಕಟ್ಟೋವರೆಗೂ ಇಲ್ಲೇ ಇರಿ ಪಾದ್ರಿಗಳೇ," ಎಂದೇಬಿಟ್ಟಳು. "ನಾವು ಹಿಂದಿನ ಹಲಗೆಮನೇಲೇ ಇನ್ನೊಂದು ನಾಲ್ಕು ಭಾನುವಾರ ಇರ್ತೀವಿ. ಅದಕ್ಕೇನಂತೆ!"

ಅಣ್ಣನ ಬಾಯಲ್ಲಿ ಜೋಳದ ರೊಟ್ಟಿ ಇತ್ತು. ನಿಧಾನವಾಗಿ ಅಗಿದು ನುಂಗಿ, ಹೆಂಡತಿಯ ಮುಖ ನೋಡಿ, "ಲೂಡಿ ಹೇಳಿದ್ಮೇಲೆ ಆಯ್ತು" ಎಂದ. ಹದಿನಾಲ್ಕು ವರ್ಷದ ಕೆಲಸ ಅಷ್ಟಕ್ಕೆ ಮುಗಿಯಿತು. ಆ ಮನೆಯ ಮೊದಲ ಬೆಂಕಿ ಹಚ್ಚಿದವನು ಬಾಸ್ಕಮ್. ಅಣ್ಣ ತೆಗೆದಿಟ್ಟಿದ್ದ ಬಿಳಿ ಅಂಗಿ ಪೆಟ್ಟಿಗೆಯಲ್ಲೇ ಉಳಿಯಿತು.

ನಾಲ್ಕು ಭಾನುವಾರ ಹೋಗಿ ನಾಲ್ಕು ವರ್ಷವಾಯಿತು, ಐದಕ್ಕೆ ಬಿತ್ತು. ಪಾದ್ರಿಮನೆ ಕಟ್ಟುವ ಸಮಿತಿ ಮೂರು ಸಲ ಸೇರಿತು, ಮೂರು ಸಲವೂ ಪೌಂಡ್ ಕೇಕು ತಿಂದು ಎದ್ದಿತು. ಹಲಗೆಮನೆಯಲ್ಲಿ ಲೂಡಿ ಬೆಳಿಗ್ಗೆ ನೀರಿನ ಬಕೆಟ್ಟಿನ ಮೇಲಿನ ಮಂಜುಗಡ್ಡೆ ಒಡೆಯುವಳು, ಆಮೇಲೆ ಕಲ್ಲುಮನೆಗೆ ಹೋಗಿ ಪಾದ್ರಿಯ ಬೂದಿ ಬಳಿಯುವಳು. ನಾನು ಬೈದಾಗಲೆಲ್ಲ "ದೇವರ ಸೇವೆ ಮಿಂಟಿ" ಎನ್ನುವಳು. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಕೇಳುತ್ತಿದ್ದೆ. ಸಭೆಯ ಹಿರಿಯನೆದುರು ಪಾದ್ರಿಗೆ ಕೊಟ್ಟ ಮಾತು, ಹಿಂದಕ್ಕೆ ತೆಗೆದುಕೊಂಡರೆ ಊರು ಏನಂದೀತು ಎನ್ನುವಳು. ಊರು! ಸ್ವಂತ ಮನೆಯ ಹಿತ್ತಲಲ್ಲಿ ನಡುಗುವವಳಿಗೆ ಊರಿನ ಚಿಂತೆ.

ಐವತ್ತೊಂದರ ಅಕ್ಟೋಬರಿನಲ್ಲಿ ಪರ್ನೆಲ್ ವೇದಿಕೆ ಹತ್ತಿ ಪ್ರಕಟಿಸಿದ: ಬ್ರದರ್ ಹೋಸಿಯಾ ಅವರ ಮನೆ ಹೇಗೂ ದೇವರ ಸೇವೆಯಲ್ಲೇ ಇದೆ, ಬರುವ ಕ್ರಿಸ್‌ಮಸ್‌ಗೆ ಅವರು ಅದನ್ನು ಚರ್ಚಿನ ಹೆಸರಿಗೆ ಬರೆದುಕೊಡುವರು, ಎಲ್ಲರೂ ಆಮೆನ್ ಎನ್ನಿ. ಎಲ್ಲರೂ ಎಂದರು. ಅಣ್ಣನನ್ನು ಯಾರೂ ಕೇಳಿರಲಿಲ್ಲ. ಅವನು ಟೋಪಿಯ ಅಂಚನ್ನು ತಿರುಗಿಸುತ್ತಾ ಕೂತಿದ್ದ, ಬಾಯಿಗೆ ಗಾರೆ ಮೆತ್ತಿದವನಂತೆ.

ಆ ಬುಧವಾರ ಲೂಡಿ ಎಂದಿನಂತೆ ಊಟದ ಬುಟ್ಟಿ ಹಿಡಿದು ಕಲ್ಲುಮನೆಯ ಮುಂಬಾಗಿಲು ತೆಗೆದಳು. ಒಳಗೆ ಬೇರೆ ಊರಿನ ಇಬ್ಬರು ಪಾದ್ರಿಗಳು ಕೂತಿದ್ದರು. ಬಾಸ್ಕಮ್ ಎದ್ದು ಬಂದು ಮೆಲ್ಲಗೆ ಹೇಳಿದನಂತೆ: "ಸಿಸ್ಟರ್ ಲೂಡಿ, ಇನ್ಮೇಲೆ ಹಿಂದಿನ ಬಾಗಿಲಿಂದ ಬನ್ನಿ. ನಿಮ್ಮ ಬೂಟಿನ ಕೆಸರು ನನ್ನ ಜಮಖಾನಕ್ಕೆ ಹತ್ತುತ್ತೆ."

ಅತ್ತಿಗೆ ಬುಟ್ಟಿಯನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು ಸೀದಾ ನನ್ನ ಹತ್ತಿರ ಬಂದಳು. ಅಳಲಿಲ್ಲ. "ಬಿಳಿಯರ ಹಿಂದಿನ ಬಾಗಿಲು ಕಂಡಿದ್ದೀನಿ ಮಿಂಟಿ. ಅದು ಅವರ ಮನೆ. ನಾನು ಗಾರೆ ಕಲಸಿದ ಮನೇಗೂ ಹಿಂದಿನ ಬಾಗಿಲಾ?"

"ಐದು ವರ್ಷದಿಂದ ಬಾಯಿ ಬಡ್ಕೊಂಡೆ. ಈಗ ಬಂತಾ ಬುದ್ಧಿ?"

"ನಿನ್ನ ಬಾಯಿ ಆಮೇಲೆ ಬಡ್ಕೋ. ಏಣಿ ಹಿಡ್ಕೊಳ್ತೀಯಾ, ಇಲ್ವಾ?"

ಕೂಲಿ ಕೊಡದ ಯಜಮಾನನಿಗೆ ನಮ್ಮಪ್ಪ ಒಮ್ಮೆ ಪಾಠ ಕಲಿಸಿದ ಕಥೆ ಮನೆಮಂದಿಗೆಲ್ಲ ಗೊತ್ತಿತ್ತು. ಹೊಗೆಗೂಡಿನ ಬಾಯಿಗಿಂತ ಒಂದು ಮೊಳ ಕೆಳಗೆ ಅಡ್ಡವಾಗಿ ಒಂದು ಗಾಜು ಕೂರಿಸಿ, ಅಂಚಿಗೆ ಗಾರೆ ಹಚ್ಚಿಬಿಡುವುದು. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಆಕಾಶ ನಿಚ್ಚಳವಾಗಿ ಕಾಣುತ್ತದೆ. ಬೆಂಕಿ ಹಚ್ಚಿದರೆ ಹೊಗೆಯೆಲ್ಲ ಕೋಣೆಗೇ. ಅಣ್ಣ ಈ ಕಥೆ ಕೇಳಿದಾಗಲೆಲ್ಲ ಮುಖ ಸಿಂಡರಿಸುತ್ತಿದ್ದ. ಕೆಲಸಕ್ಕೆ ಮಾಡುವ ದ್ರೋಹ ಎನ್ನುತ್ತಿದ್ದ. ಎಷ್ಟು ಜನ ಅವನಿಗೆ ಟೋಪಿ ಹಾಕಿದರೂ ಒಂದು ಗೂಡಿಗೂ ಗಾಜು ಇಟ್ಟವನಲ್ಲ.

ಭಾನುವಾರ ಬೆಳಿಗ್ಗೆ ಲೂಡಿಗೆ ಚರ್ಚಿನಲ್ಲಿ ತಲೆನೋವು ಬಂತು. ಅವಳನ್ನು ಮನೆಗೆ ಮುಟ್ಟಿಸಲು ನಾನು ಎದ್ದೆ. ಐವತ್ತೈದರ ಹೆಂಗಸು ತನ್ನ ಹಲಗೆಮನೆಯ ಕಿಟಕಿಯ ಗಾಜು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಗಾರೆಯ ಡಬ್ಬಿ ಹಲ್ಲಿನಲ್ಲಿ ಕಚ್ಚಿಕೊಂಡು ಏಣಿ ಹತ್ತಿದಳು. ನಾನು ಕೆಳಗೆ ಏಣಿಗೆ ಜೋತುಬಿದ್ದಿದ್ದೆ. ಗುಡ್ಡದ ಕೆಳಗಿಂದ ಬಾಸ್ಕಮ್‌ನ ಗಂಟಲು ಇಲ್ಲಿಯವರೆಗೂ ಕೇಳುತ್ತಿತ್ತು, ವಿಧೇಯತೆಯ ಮೇಲೆ ಪ್ರಸಂಗ. ಅದು ಎಷ್ಟು ಉದ್ದವೆಂದರೆ ಲೂಡಿ ಇಳಿದು, ಕೈ ತೊಳೆದು, ಮತ್ತೆ ಚರ್ಚಿಗೆ ಬಂದು ಕೊನೆಯ ಹಾಡಿಗೆ ದನಿಗೂಡಿಸಿದಳು.

ಮೂರು ದಿನ ಬಾಸ್ಕಮ್ ಕೆಮ್ಮಿದ. ಗೂಡಿನೊಳಗೆ ತಲೆ ಹಾಕಿ ನೋಡಿದ, ಆಕಾಶ ಕಂಡಿತು. ಬೈಬಲ್ ಓದಿದ, ಕಿಟಕಿ ತೆರೆದಿಟ್ಟು ಕೋಟು ಹಾಕಿಕೊಂಡು ಮಲಗಿದ. ಗುರುವಾರ ಮಧ್ಯಾಹ್ನ ಪರ್ನೆಲ್‌ನನ್ನೂ ಇನ್ನಷ್ಟು ಹಿರಿಯರನ್ನೂ ಕರೆಸಿ, ಅಣ್ಣನಿಗೆ ಹೇಳಿಕಳಿಸಿದ.

ಇಷ್ಟು ಹೊತ್ತಿಗೆ ನನಗೂ ಲೂಡಿಗೂ ಒಂದು ವಿಷಯ ಹೊಳೆದಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ಹೊಳೆದಿರಲಿಲ್ಲ. ಹೊಗೆ ಕಾರುವ ಗೂಡು ಪಾದ್ರಿಯದಲ್ಲ, ಹೋಸಿಯಾ ಕ್ರಚರನದು. ಅವನ ಹತ್ತಿರ ಹಣವಿರಲಿಲ್ಲ, ಮಾತಿರಲಿಲ್ಲ, ಇದ್ದದ್ದು ಅದೊಂದು ಹೆಸರು. ಅದಕ್ಕೇ ಮಸಿ ಬಳಿದಿದ್ದೆವು.

ಅಣ್ಣ ಬಂದ. ಒಲೆಯ ಮುಂದೆ ಕೂತು ಒಂದು ಕಾಗದ ಹಚ್ಚಿ ಹಿಡಿದ. ಜ್ವಾಲೆ ಮೇಲೆ ಹೋಗದೆ ಅವನ ಕಡೆಗೇ ಬಾಗಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಏಣಿ ತಂದು ಹತ್ತಿದ. ಗೂಡಿನ ಬಾಯಿಗೆ ತಲೆ ಹಾಕಿದವನು ಬಹಳ ಹೊತ್ತು ತೆಗೆಯಲೇ ಇಲ್ಲ. ಒಂದು ಕಲ್ಲಿನ ಚೂರು ಸಾಕಿತ್ತು. ಅದನ್ನು ಕೆಳಗೆ ಬೀಳಿಸಿ, ಗಾಜು ಒಡೆದು, ಯಾರೋ ಕಿಡಿಗೇಡಿಗಳು ಮಾಡಿದ್ದು ಎಂದಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಪಾದ್ರಿಯೂ ಉಳಿಯುತ್ತಿದ್ದ. ಅಣ್ಣ ತಲೆ ಎತ್ತಿ ಹಿತ್ತಲಿನ ಹಲಗೆಮನೆಯ ಕಡೆ ನೋಡಿದ. ಅಲ್ಲಿ ಕಿಟಕಿಗೆ ರಟ್ಟು ಬಡಿದಿತ್ತು. ಆಮೇಲೆ ಅಂಗಳದಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಇಳಿದು ಬಂದ.

"ಏನಾಗಿದೆ ಬ್ರದರ್ ಹೋಸಿಯಾ?" ಎಂದ ಪರ್ನೆಲ್.

"ನಾನು ಕಟ್ಟಿದ್ದು ತಪ್ಪಾಗಿದೆ," ಎಂದ ಅಣ್ಣ. "ಗೂಡಿನ ಗಂಟಲು ಕಿರಿದಾಯ್ತು. ಬೇಸಿಗೇಲಿ ಕಲ್ಲು ಹಿಗ್ಗಿ ಈಗ ತೋರಿಸ್ತಿದೆ. ಪೂರಾ ಬಿಚ್ಚಿ ಕಟ್ಟಬೇಕು."

"ಎಷ್ಟು ದಿನ ಆಗುತ್ತೆ?"

"ಎರಡು ತಿಂಗಳು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಸಿಯಾನ ಎರಡು ತಿಂಗಳು ಎಷ್ಟೆಂದು ಅವರಿಗೆ ಗೊತ್ತಿಲ್ಲದ್ದೇ? ಬಾಸ್ಕಮ್ ಅದೇ ಸಂಜೆ ಜಮಖಾನ ಸುತ್ತಿಕೊಂಡು ಪರ್ನೆಲ್‌ನ ಇಟ್ಟಿಗೆಮನೆಗೆ, ಹೆಣಗಳ ಮೇಲಿನ ಅಂತಸ್ತಿಗೆ ಹೋದ. ಚರ್ಚಿಗೆ ಬರೆದುಕೊಡುವ ಮಾತೂ ಅಲ್ಲಿಗೇ ನಿಂತಿತು. "ಹೊಗೆಮನೆ ಯಾರಿಗ್ರೀ ಬೇಕು? ಹಂದಿಮಾಂಸ ಒಣಗಿಸ್ಕೊಳ್ಳಿ!" ಎಂದು ಪರ್ನೆಲ್ ಊರೆಲ್ಲ ಹೇಳಿಕೊಂಡು ತಿರುಗಿದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ವಾರದಲ್ಲಿ ಸುದ್ದಿ ಕೌಂಟಿ ಸುತ್ತಿತು. ಡಾಕ್ಟರ್ ಹ್ಯಾಸ್ಕೆಲ್ ಮಗಳ ಹೊಸ ಮನೆಗೆ ಎರಡು ಗೂಡು ಕಟ್ಟಲು ಅಣ್ಣನಿಗೇ ಹೇಳಿದ್ದರು. ಅಡುಗೆಮನೆಗೆ ಬಂದು ನನಗೆ ಹೇಳಿದರು: "ಮಿಂಟಿ, ನಿಮ್ಮಣ್ಣನಿಗೆ ಬರೋದು ಬೇಡ ಅನ್ನು. ತನ್ನ ಮನೆ ಗೂಡನ್ನೇ ಕೆಡಿಸಿಕೊಂಡೋನು ನನ್ನ ಮಗಳ ಮನೆ ಉಳಿಸ್ತಾನಾ? ವಯಸ್ಸಾಯ್ತು ಪಾಪ." ನಾನು ಬಿಸ್ಕತ್ತಿನ ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ. ಬಿಳಿಯ ಮೇಸ್ತ್ರಿಯೊಬ್ಬ ಬಂದು ಕಟ್ಟಿದ. ಆ ಮಗಳು ಮಹಾತಾಯಿಯ ಪರದೆಗಳೆಲ್ಲ ಹೊಗೆ ಹತ್ತಿ ಇವತ್ತಿಗೂ ಕಂದುಬಣ್ಣ. ಅಣ್ಣನಿಗೆ ಆಮೇಲೆ ಒಂದು ಹೊಗೆಗೂಡೂ ಸಿಗಲಿಲ್ಲ. ತೋಟದ ಗೋಡೆ, ಹಂದಿದೊಡ್ಡಿ, ಗೋರಿಯ ಕಟ್ಟೆ, ಇಷ್ಟೇ.

ಗಂಡಹೆಂಡತಿ ಮಾತ್ರ ಕಲ್ಲುಮನೆಗೆ ಮಂಚ ಸಾಗಿಸಿದರು. ಜನವರಿಯಲ್ಲಿ ಒಂದು ದಿನ ಗೆಣಸಿನ ಪೈ ತೆಗೆದುಕೊಂಡು ಹೋದೆ. ಆರಿದ ಒಲೆಯ ಮುಂದೆ ಇಬ್ಬರೂ ಕೋಟು, ಟೋಪಿ, ಮೇಲೊಂದು ಕೌದಿ ಹೊದ್ದು, ರೈಲಿಗೆ ಕಾಯುವವರ ಹಾಗೆ ಕೂತಿದ್ದರು. ಸಿಟ್ಟು ನೆತ್ತಿಗೇರಿತು.

"ಆ ದರಿದ್ರ ಹೋಗಿ ಮೂರು ತಿಂಗಳಾಯ್ತಲ್ಲೋ ಅಣ್ಣಾ! ಒಂದು ಕಲ್ಲು ಬೀಳಿಸಿ ಗಾಜು ಒಡೆಯೋಕೆ ಏನು ಧಾಡಿ ನಿಂಗೆ?"

"ನಾನೂ ಅದನ್ನೇ ಹೇಳ್ತಿದ್ದೀನಿ," ಎಂದಳು ಲೂಡಿ. "ನಾನು ಮಾಡಿದ್ದು ಅಂತ ನಾನೇ ಚರ್ಚಿನಲ್ಲಿ ಎದ್ದು ಹೇಳ್ತೀನಿ ಅಂದ್ರೂ ಕೇಳ್ತಿಲ್ಲ."

"ಹೇಳು. ಆಮೇಲೆ?" ಎಂದ ಅಣ್ಣ. "ಪಾದ್ರಿಗೆ ಹೊಗೆ ಹಾಕಿದೋಳು ಅಂತ ಸಾಯೋವರೆಗೂ ಯಾರೂ ನಿನ್ನ ಪಕ್ಕ ಕೂರಲ್ಲ. ಗೂಡು ಸರಿ ಇದೆ ಅಂತ ಗೊತ್ತಾದ್ರೆ ಆತ ಜಮಖಾನ ಹೊತ್ಕೊಂಡು ವಾಪಸ್ ಬರ್ತಾನೆ. ನಿಂಗೂ ನಂಗೂ ಬೇಡ ಅನ್ನೋಕೆ ಬರಲ್ಲ." ಪೈ ಕತ್ತರಿಸಿ ಅವಳಿಗೆ ಮೊದಲು ಕೊಟ್ಟ. "ಗಾಳಿ ಬರ್ತಿದೆಯಾ ಒಳಗೆ?"

"ಇಲ್ಲ."

"ಮತ್ತೆ?"

ದಡ್ಡ ಎಂದು ಬೈದು ಬಂದೆ. ಐದು ವರ್ಷ ಹಾಗೇ ಬೈದೆ. ಅಡುಗೆ ಹಲಗೆಮನೆಯಲ್ಲಿ, ವಾಸ ಆ ಬೆಂಕಿಯಿಲ್ಲದ ಕಲ್ಲುಮನೆಯಲ್ಲಿ. ಪರ್ನೆಲ್ ಪ್ರತಿ ಭಾನುವಾರ ಚರ್ಚಿಗೆ ಹೋಗುವಾಗ ತಲೆ ಎತ್ತಿ ಗೂಡಿನಲ್ಲಿ ಹೊಗೆ ಇದೆಯೇ ಎಂದು ನೋಡುತ್ತಿದ್ದ. ಮಕ್ಕಳು ಅಣ್ಣನಿಗೆ "ಹೊಗೆ ಮಾಮ" ಎಂದು ಹೆಸರಿಟ್ಟವು. ಅವನು ಆ ಮಕ್ಕಳಿಗೂ ಟೋಪಿ ಎತ್ತುತ್ತಿದ್ದ.

ಐವತ್ತೇಳರ ಜನವರಿಯಲ್ಲಿ, ತಾನೇ ಕಟ್ಟುತ್ತಿದ್ದ ಒಂದು ಮೋಟುಗೋಡೆಯ ಮೇಲೆ ಕೂತು ಬುತ್ತಿ ಬಿಚ್ಚುವಾಗ ಅಣ್ಣನ ಎದೆ ನಿಂತುಹೋಯಿತು.

ಶವಸಂಸ್ಕಾರದ ಪ್ರಸಂಗ ಬಾಸ್ಕಮ್‌ನದೇ. ಹೋಸಿಯಾ ಕೆಲಸಗಾರ, ವಿನಯವಂತ, ಎಲ್ಲ ಹೇಳಿದ. ಕೊನೆಗೆ ಕರವಸ್ತ್ರದಿಂದ ಹಣೆ ಒರೆಸಿಕೊಂಡು ಹಲ್ಲು ಕಿರಿದ. "ಸ್ವರ್ಗದಲ್ಲಿ ಬ್ರದರ್ ಹೋಸಿಯಾಗೆ ಯಾವ ಚಿಂತೆಯೂ ಇಲ್ಲ, ಯಾಕಂದ್ರೆ ಅಲ್ಲಿ ಹೊಗೆಗೂಡು ಕಟ್ಟೋ ಕೆಲಸವೇ ಇಲ್ಲ!" ಜನ ನಕ್ಕರು. ಶವಪೆಟ್ಟಿಗೆ ಮುಂದಿತ್ತು, ಜನ ನಕ್ಕರು. ಪರ್ನೆಲ್ ತೊಡೆ ತಟ್ಟಿಕೊಂಡ. ಲೂಡಿ ನನ್ನ ಕೈ ಹಿಡಿದಿದ್ದಳು, ಅವಳ ಉಗುರು ನನ್ನ ಅಂಗೈಗೆ ನಾಟಿತು.

ಮಣ್ಣು ಮಾಡಿ ಬಂದ ಮೇಲೆ ಊಟ ಕಲ್ಲುಮನೆಯಲ್ಲಿ. ಚರ್ಚಿನ ಹೆಂಗಸರು ತಂದ ಕೋಳಿ, ಸೊಪ್ಪು, ಕೇಕು ಮೇಜಿನ ತುಂಬ. ಜನ ಕೋಟು ಬಿಚ್ಚದೆ ಕೈ ಉಜ್ಜಿಕೊಳ್ಳುತ್ತಾ ತಿನ್ನಲು ಶುರುಮಾಡಿದ್ದರು. ಲೂಡಿ ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಏಣಿಯನ್ನು ಆಗಲೇ ಎಳೆದು ತರುತ್ತಿದ್ದಳು.

"ನಾನು ಹತ್ತುತ್ತೀನಿ, ಕೊಡು."

"ಹಾಕಿದೋಳು ನಾನು," ಎಂದಳು. "ನೀನು ಹಿಡ್ಕೋ."

ಅರವತ್ತು ತುಂಬಿದ ವಿಧವೆ ಕಪ್ಪು ಬಟ್ಟೆಯಲ್ಲಿ, ಒಂದು ಮುಷ್ಟಿಗಾತ್ರದ ಕಲ್ಲು ಹಿಡಿದು ಏಣಿ ಹತ್ತುವುದನ್ನು ಕಂಡು ಕೆಲವರು ತಟ್ಟೆ ಸಮೇತ ಅಂಗಳಕ್ಕೆ ಬಂದರು. ದುಃಖಕ್ಕೆ ತಲೆ ಕೆಟ್ಟಿತು ಎಂದು ಯಾರೋ ಅಂದರು. ಒಳಗೆ ಫಳ್ ಎಂದು ಸದ್ದಾಯಿತು. ಮಸಿ, ಕೊಳೆತ ಎಲೆ, ಗಾಜಿನ ಚೂರು ಎಲ್ಲ ಒಲೆಗೆ ಬಿತ್ತು. ಬಾಸ್ಕಮ್‌ನ ಬೂಟಿಗೂ ಒಂದಿಷ್ಟು ಸಿಡಿಯಿತು.

ಲೂಡಿ ಇಳಿದು ಬಂದು ಮುಂಬಾಗಿಲಿಂದ ಒಳಗೆ ಹೋದಳು. ಯಾರೊಂದಿಗೂ ಮಾತಾಡದೆ ಚೂರು ಬಳಿದು, ಕಟ್ಟಿಗೆ ಒಟ್ಟಿ, ಬೆಂಕಿ ಹಚ್ಚಿದಳು. ಜ್ವಾಲೆ ಒಮ್ಮೆ ತಡವರಿಸಿ ನೆಟ್ಟಗೆ ಮೇಲಕ್ಕೆ ಎದ್ದಿತು. ಬೂದುಬಣ್ಣದ ಎಳೆಯೊಂದೂ ಕೋಣೆಗೆ ಬರಲಿಲ್ಲ.

"ಗಾಜು ಇಟ್ಟೋಳು ನಾನು," ಎಂದಳು. "ನನ್ನ ಗಂಡ ಮೇಲೆ ಹತ್ತಿ ಅದನ್ನ ನೋಡ್ದ. ನನ್ನ ಮರ್ಯಾದೆ ಉಳಿಸೋಕೆ ತನ್ನ ಕೆಲಸ ಕೆಟ್ಟದು ಅಂತ ನಿಮ್ಮೆಲ್ಲರ ಮುಂದೆ ಹೇಳ್ದ. ಸುಳ್ಳು ಹೇಳ್ದ. ಐದು ಚಳಿಗಾಲ ಇಲ್ಲಿ ಬೆಂಕಿಯಿಲ್ಲದೆ ಕೂತ. ಈಗ ಹತ್ತಿರ ಬನ್ನಿ. ಪಾದ್ರಿಗಳೇ, ನೀವೂ ಬನ್ನಿ. ಪರ್ನೆಲ್, ಬಾ. ಹೊಗೆ ಎಲ್ಲಿದೆ ಹುಡುಕಿ ಕೊಡಿ."

ಬಾಸ್ಕಮ್ ಬಗ್ಗಿ ಬೂಟಿನ ಮಸಿ ಒರೆಸಿಕೊಂಡ. ಪರ್ನೆಲ್ ಟೋಪಿ ಹುಡುಕತೊಡಗಿದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಐದು ವರ್ಷ ಅವನನ್ನು ದಡ್ಡ ಎಂದವಳು ನಾನು, ಅವನು ಬದುಕಿದ್ದಾಗ ಒಮ್ಮೆಯೂ ಬೇರೆ ಮಾತು ಹೇಳಲಿಲ್ಲ.

"ಕೂತ್ಕೊಳ್ಳಿ," ಎಂದಳು ಲೂಡಿ.

ಕೂತರು. ಕಪ್ಪು ಬಟ್ಟೆಯ ನಲವತ್ತು ಜನ, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಹೋಸಿಯಾ ಕ್ರಚರನ ಬೆಂಕಿಯ ಮುಂದೆ ಕೂತರು. ಸೆಕೆಗೆ ಒಬ್ಬೊಬ್ಬರಾಗಿ ಕೋಟು ಬಿಚ್ಚಿದರು. ಯಾರಾದರೂ ಏಳಲು ನೋಡಿದರೆ ಲೂಡಿ ಅವರ ಕಡೆ ತಿರುಗಿ ಇನ್ನೊಂದು ಕೊರಡು ಒಲೆಗೆ ಹಾಕುವಳು. ಗೋಡೆಗೆ ಒಟ್ಟಿದ್ದ ಕಟ್ಟಿಗೆಯೆಲ್ಲ ಮುಗಿಯುವವರೆಗೂ ಒಬ್ಬರನ್ನೂ ಕಳಿಸಲಿಲ್ಲ.